ಬೆಡಿಯ ಸದ್ದಿಗೆ ಬೆಚ್ಚುವವರು

ಸಂಪಾದಕರೇ,

ಕುಂಬಳೆ ಬೆಡಿಯ, ಅಂದರೆ ದೇವಸ್ಥಾನದ ಜಾತ್ರೆಯ ಸಿಡಿಮದ್ದಿನ, ರಾತ್ರಿ ಊರೆಲ್ಲ ಹೊರಗಿದ್ದರೆ ನಾನು ಕಿವಿಗೆ ಹತ್ತಿ ತುರುಕಿ ಒಳಕೋಣೆಯಲ್ಲಿ ಕೂರುತ್ತಿದ್ದೆ. 1999ರಲ್ಲಿ ಕಾರ್ಗಿಲ್‌ನಲ್ಲಿದ್ದವನು ನಾನು. ಪಟಾಕಿಗೆ ಹೆದರುವ ಮಿಲಿಟರಿಯವ ಅಂತ ನೆಂಟರು ನಕ್ಕರು. ಇದು ದೊಡ್ಡ ಆಘಾತ ಕಂಡ ಮೇಲೆ ಮನಸ್ಸಿಗೆ ಅಂಟುವ ಕಾಯಿಲೆ, ಪಿಟಿಎಸ್‌ಡಿ ಎಂಬ ಹೆಸರುಂಟು, ಮದ್ದೂ ಉಂಟು ಎಂದು ಹೇಳಿದ್ದು ಬದಿಯಡ್ಕದ ಇನ್ನೊಬ್ಬ ಮಾಜಿ ಸೈನಿಕರು. ಅವರದ್ದೂ ಇದೇ ಪಾಡು!

ಈಗ ನಾಲ್ವರು ಭಾನುವಾರ ಸೇರುತ್ತೇವೆ. ಚಹಾ, ಗೋಳಿಬಜೆ. ಜಾಸ್ತಿ ಮಾತಿಲ್ಲ. 'ನಿದ್ದೆ ಬಂತಾ?' ಅಂತ ಕೇಳುವವರಿದ್ದಾರಲ್ಲ, ಅಷ್ಟು ಸಾಕು. ಡಾಕ್ಟರ ಮದ್ದೂ ನಡೆದಿದೆ. ಮಾಜಿ ಸೈನಿಕರ ಸಭೆಗಳಲ್ಲಿ ಬರೀ ಪಿಂಚಣಿ, ಕ್ಯಾಂಟೀನ್. ನಿದ್ದೆಯ ಮಾತೂ ಬರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ, ಕನ್ನಡವೂ ಇದೆ. ಮುಂದಿನ ಬೆಡಿಗೆ ನಾವು ನಾಲ್ವರೂ ಹೋಗುವುದೆಂದು ಮಾತಾಗಿದೆ, ಸ್ವಲ್ಪ ದೂರ ನಿಂತು.

– ನಿವೃತ್ತ ಹವಾಲ್ದಾರ್, ಕುಂಬಳೆ