ಇಲಿ ಕೊಳ್ಳುವ ಮೊದಲು ಕಿವಿಗಿಟ್ಟು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯಲ್ಲಿ ಇಲಿ ಸಾಕುವ ಬಗ್ಗೆ ಬಂದ ಬರಹ ಓದಿದೆ. ಬರಹ ಚೆನ್ನಾಗಿತ್ತು. ಫೋಟೊ ಮಾತ್ರ ಸರಿಯಿರಲಿಲ್ಲ. ಗಾಜಿನ ತೊಟ್ಟಿ, ಒಳಗೆ ಮರದ ಹೊಟ್ಟು, ಅದರ ಮೇಲೆ ಒಂಟಿ ಇಲಿ. ಅದನ್ನು ನೋಡಿ ಯಾರಾದರೂ ಹಾಗೇ ಸಾಕಿದರೆ ಇಲಿ ಬಹಳ ದಿನ ಬಾಳುವುದಿಲ್ಲ.

ನಾನು ಇಪ್ಪತ್ತೆಂಟು ವರ್ಷ ಒಂದು ಮೆಡಿಕಲ್ ಕಾಲೇಜಿನ ಅನಿಮಲ್ ಹೌಸ್‌ನಲ್ಲಿ, ಅಂದರೆ ಪ್ರಯೋಗದ ಪ್ರಾಣಿಗಳನ್ನು ಸಾಕುವ ಕಡೆ, ಅಟೆಂಡರ್ ಆಗಿದ್ದೆ. ಕೆಂಪು ಕಣ್ಣಿನ ವಿಸ್ಟಾರ್ ಎಂಬ ತಳಿಯ ಬಿಳಿ ಇಲಿಗಳಿಗೆ ದಿನಾ ತಿಂಡಿ, ನೀರು ಕೊಟ್ಟು, ಹಾಸು ಬದಲಿಸಿದವನು. ರಿಟೈರ್ ಆದಾಗ ಇಲಿಗಳ ಸಹವಾಸ ಮುಗಿಯಿತು ಅಂದುಕೊಂಡಿದ್ದೆ. ಹೋದ ವರ್ಷ ಮೊಮ್ಮಗಳು ಹುಟ್ಟುಹಬ್ಬದ ದುಡ್ಡಿನಲ್ಲಿ ಒಂದು ಇಲಿ ತಂದಳು. ನಾನು ಊರಲ್ಲಿರಲಿಲ್ಲ. ಅಂಗಡಿಯವರು ಅದರ ಜೊತೆ ತಂತಿ ತಳದ ಗಿಳಿಪಂಜರವೊಂದನ್ನೂ ಮಾರಿದ್ದರು. ವಾಪಸ್ ಬಂದಾಗ ಮಗು ಅಳುತ್ತಿತ್ತು. "ಅಜ್ಜ, ಮೂಗಿಂದ ರಕ್ತ ಬರ್ತಿದೆ ನೋಡು."

ಅದು ರಕ್ತ ಅಲ್ಲ. ಇಲಿಯ ಕಣ್ಣಿನ ಹಿಂದೆ ಒಂದು ಗ್ರಂಥಿ ಇದೆ. ಅದರಿಂದ ಬರುವ ಕೆಂಪು ನೀರಿನಲ್ಲಿ ಪಾರ್ಫಿರಿನ್ ಎಂಬ ಬಣ್ಣದ ವಸ್ತು ಇರುತ್ತದೆ. ನಿದ್ದೆಯಿಂದ ಎದ್ದಾಗ ಒಂದು ಚೂರು ಕಂಡರೆ ಹೆದರಬೇಕಿಲ್ಲ. ಮೂಗು, ಕಣ್ಣು, ಮುಂಗಾಲಿಗೆಲ್ಲ ಮೆತ್ತಿಕೊಂಡಿದ್ದರೆ ಇಲಿಗೆ ಕಾಯಿಲೆ ಇದೆ, ಇಲ್ಲವೇ ಬಹಳ ಬೆದರಿದೆ ಎಂದರ್ಥ. ಎತ್ತಿ ಕಿವಿಗಿಟ್ಟುಕೊಂಡೆ. ಎದೆಯೊಳಗೆ ಕಿರ್ ಕಿರ್ ಎನ್ನುತ್ತಿತ್ತು. ಊರಿನ ಒಬ್ಬ ಪಶುವೈದ್ಯರು "ಇಲಿಗೂ ಔಷಧಿನಾ?" ಎಂದು ನಕ್ಕು ಕಳಿಸಿದರು. ಹನ್ನೆರಡನೇ ದಿನ ಸತ್ತಿತು.

ಮೊಮ್ಮಗಳು ಬಿಡಲಿಲ್ಲ. ಈ ಸಲ ನಾನೇ ಜೊತೆಗೆ ಹೋದೆ. ಬೇರೆ ಅಂಗಡಿ. ಮೊದಲು ನೋಡಿದ್ದು ಇಲಿಯನ್ನಲ್ಲ, ತೊಟ್ಟಿಯನ್ನು. ಮುಚ್ಚಳ ತೆಗೆದ ಕೂಡಲೇ ಉಚ್ಚೆಯ ಘಾಟು ಮೂಗಿಗೆ ಹೊಡೆದರೆ ಅಲ್ಲಿಂದ ಹೊರಟುಬಿಡಿ. ಇಲಿಗಳ ಎದೆಯಲ್ಲಿ ಮೈಕೊಪ್ಲಾಸ್ಮ ಎಂಬ ರೋಗಾಣು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಮೋನಿಯ ಘಾಟಿನಲ್ಲಿ ಬದುಕುವ ಇಲಿಗೆ ಅದು ಕೆರಳುತ್ತದೆ. ಗಾಳಿ ಆಡದ ಗಾಜಿನ ತೊಟ್ಟಿ ಬೇಡ ಅನ್ನುವುದು ಇದಕ್ಕೇ.

ಗಂಡು ಹೆಣ್ಣು ಒಟ್ಟಿಗೆ ಹಾಕಿದ್ದಾರಾ ಎಂದೂ ನೋಡಿ. ಐದಾರು ವಾರಕ್ಕೇ ಇಲಿ ಪ್ರಾಯಕ್ಕೆ ಬರುತ್ತದೆ, ಗಬ್ಬ ಮೂರೇ ವಾರ. ಅಂಥ ತೊಟ್ಟಿಯಿಂದ ಒಂದು ಹೆಣ್ಣು ತಂದರೆ ತಿಂಗಳೊಳಗೆ ಮನೆಯಲ್ಲಿ ಹತ್ತು ಮರಿ ಇದ್ದರೂ ಆಶ್ಚರ್ಯವಿಲ್ಲ! ಗುರುತಿಸುವುದು ಕಷ್ಟವಲ್ಲ. ಗಂಡಾದರೆ ಬಾಲದ ಬುಡದಲ್ಲಿ ಬೀಜ ಎದ್ದು ಕಾಣುತ್ತದೆ.

ಆಮೇಲೆ ಕೈ ಒಳಗಿಟ್ಟು ಸುಮ್ನೆ ಕಾಯಿರಿ. ಮೂಲೆಯಲ್ಲಿ ಮುದುಡಿ ಕೂತ ಇಲಿಯ ಮೇಲೆ ಕನಿಕರ ಬರುತ್ತದೆ, ನಿಜ. ಆದರೆ ಬಂದು ಬೆರಳು ಮೂಸುವುದನ್ನೇ ಆರಿಸಿ. ಕೂದಲು ನುಣುಪಾಗಿರಬೇಕು, ಕಣ್ಣು ಹೊಳೆಯಬೇಕು, ಬಾಲದಡಿ ಒದ್ದೆ ಇರಬಾರದು. ಕೊನೆಗೆ ಎತ್ತಿ ಕಿವಿಗಿಡಿ. ಆರೋಗ್ಯವಂತ ಇಲಿಯ ಎದೆಯಲ್ಲಿ ಆ ಕಿರ್ ಕಿರ್ ಕೇಳಿಸುವುದಿಲ್ಲ. ನಾನು ಹೀಗೆ ಒಂದೊಂದನ್ನೇ ಕಿವಿಗಿಟ್ಟುಕೊಳ್ಳುವಾಗ ಅಂಗಡಿಯ ಹುಡುಗ "ಏನ್ ಸಾರ್, ಫೋನಾ?" ಎಂದ. ತಲೆಗೆ ಕಂದು ಟೋಪಿ ಹಾಕಿದ ಹಾಗಿದ್ದ ಎರಡು ಹೆಣ್ಣು ತಂದೆವು. ಎರಡು ಬೇಕೇ ಬೇಕು. ಇಲಿ ಗುಂಪಿನ ಜೀವ. ನೀವು ಎಷ್ಟೇ ಮುದ್ದು ಮಾಡಿದರೂ ರಾತ್ರಿ ಅದು ಎದ್ದಿರುವಾಗ ನೀವು ಮಲಗಿರುತ್ತೀರಿ, ಅಲ್ವಾ?

ಪಂಜರವನ್ನು ಗ್ರಿಲ್ ಅಂಗಡಿಯಲ್ಲಿ ಮಾಡಿಸಿದೆ. ಮೂರು ಅಡಿ ಉದ್ದ, ಎರಡಡಿ ಅಗಲ, ಎರಡೂವರೆ ಅಡಿ ಎತ್ತರ. ಸುತ್ತ ಅರ್ಧ ಇಂಚು ಕಿಂಡಿಯ ವೆಲ್ಡ್ ಮೆಶ್, ಅಂದರೆ ತಂತಿ ಜಾಲರಿ. ಅದಕ್ಕಿಂತ ಅಗಲವಾದರೆ ಮರಿಗಳು ನುಸುಳಿಕೊಳ್ಳುತ್ತವೆ. ತಳಕ್ಕೆ ತಗಡಿನ ಟ್ರೇ. ತಂತಿಯ ಮೇಲೆ ಓಡಾಡಿದರೆ ಪಾದ ಹುಣ್ಣಾಗುತ್ತದೆ. ಮನೆಯಾಕೆ ನೋಡಿ, "ಅಲ್ಲರೀ, ಇಲಿ ಹಿಡಿಯೋಕೆ ಬೋನು ಇಡೋ ಮನೇಲಿ ಇಲಿ ಸಾಕೋಕೆ ಪಂಜರ ಮಾಡಿಸಿದ್ರಾ?" ಎಂದಳು. ಈಗ ಅವಳದೇ ಹಳೇ ಸೀರೆಯ ಜೋಲಿ ಅದರಲ್ಲಿ ತೂಗುತ್ತಿದೆ.

ಹಾಸಿಗೆ ಸಾಮಿಲ್‌ನ ಹೊಟ್ಟು ಬೇಡ. ಪೈನ್, ದೇವದಾರು ಮರದ ಘಾಟು ಇಲಿಗೆ ಆಗದು. ಅನಿಮಲ್ ಹೌಸ್‌ನಲ್ಲಿ ಭತ್ತದ ಹೊಟ್ಟು ಹಾಕುತ್ತಿದ್ದೆವು, ಆದರೆ ಜರಡಿ ಹಿಡಿದು ಧೂಳು ತೆಗೆಯದಿದ್ದರೆ ಅದೂ ಕೆಟ್ಟದ್ದೇ. ನಮ್ಮ ಮನೆಯಲ್ಲಿ ಹರಿದ ಪೇಪರ್. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಪತ್ರಿಕೆಯೇ. ಅದೂ ಓದಿ ಮುಗಿಸಿದ ಮೇಲೆಯೇ.

ನಮ್ಮ ದಾವಣಗೆರೆಯ ಬೇಸಿಗೆ ಇನ್ನೊಂದು ಚಿಂತೆ. ಇಲಿ ಬೆವರಿ ತಂಪಾಗುವುದಿಲ್ಲ, ನಾಯಿಯ ಹಾಗೆ ಏದುಸಿರು ಬಿಟ್ಟೂ ಇಲ್ಲ. ಬಾಲವೇ ಅದರ ಕಾವು ಬಿಡುವ ಮುಖ್ಯ ದಾರಿ. ಅನಿಮಲ್ ಹೌಸ್‌ನಲ್ಲಿ ಎಸಿ ಇತ್ತು, ಮನೆಯಲ್ಲಿಲ್ಲ. ಒಂದು ಮಣ್ಣಿನ ಮಡಕೆಯನ್ನು ನೀರಲ್ಲಿ ನೆನೆಸಿ ಅಡ್ಡ ಮಲಗಿಸಿದೆ. ಏಪ್ರಿಲ್ ಮಧ್ಯಾಹ್ನ ಎರಡೂ ಅದರೊಳಗೆ ಹೊಟ್ಟೆ ಚಾಚಿ ಬಿದ್ದಿರುತ್ತವೆ, ಬಾಲ ಮಾತ್ರ ಹೊರಗೆ.

ಅಂಗಡಿಯವರಿಗೂ ಒಂದು ಮಾತು. 2018ರ ಸಾಕುಪ್ರಾಣಿ ಅಂಗಡಿ ನಿಯಮದಲ್ಲಿ ನಾಯಿ, ಬೆಕ್ಕು, ಮೊಲದ ಜೊತೆ ಇಲಿಯೂ ಸೇರಿದೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಮಾರುವ ಹಾಗಿಲ್ಲ. ಮೊದಲ ಅಂಗಡಿಗೆ ಹೋಗಿ ಆ ಕಾಗದ ತೋರಿಸಿ ಎಂದೆ. "ಇಲಿಗೆಲ್ಲಾ ಯಾಕ್ರೀ" ಎಂದರು. ಕೊಳ್ಳುವವರು ಕೇಳುತ್ತಲೇ ಇರಬೇಕು.

ಮುಂದಿನ ಸಲ ಪುರವಣಿಯಲ್ಲಿ ಇಲಿ ಬಗ್ಗೆ ಬರೆದರೆ, ದಯವಿಟ್ಟು ಎರಡು ಇಲಿಗಳ ಫೋಟೊ ಹಾಕಿ. ಬೇಕಿದ್ದರೆ ನಮ್ಮ ಮನೆಯವನ್ನೇ ತೆಗೆದುಕೊಳ್ಳಬಹುದು. ಸಂಜೆ ಏಳರ ಮೇಲೆ ಬರಬೇಕು, ಅಲ್ಲಿಯವರೆಗೆ ಎರಡೂ ಮಲಗಿರುತ್ತವೆ.

— ನಿವೃತ್ತ ಅಟೆಂಡರ್, ದಾವಣಗೆರೆ