ಸೀಮಂತಕ್ಕೆ ಬರುವ ಮುಂಚೆ ವಸಡು ತೋರಿಸಿಕೊಂಡು ಬಾ

ಸಾಗರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕೊನೆ ಕೊಯ್ಲು ಮುಗಿಯುತ್ತಾ ಬಂತು, ಅಂಗಳದ ತುಂಬ ಅಡಿಕೆ ಹರವಿದೆ. ನೀನು ಬಂದು ಹೋದಂದಿನಿಂದ ಒಂದು ವಿಷಯ ನನ್ನನ್ನು ಕೊರೆಯುತ್ತಿದೆ. ಫೋನಿನಲ್ಲಿ ಹೇಳಿದರೆ “ಆಯಿತು ದೊಡ್ಡಮ್ಮ” ಎಂದು ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಅಂದು ಬೆಳಿಗ್ಗೆ ಬಚ್ಚಲಲ್ಲಿ ನೀನು ಬಾಯಿ ಮುಕ್ಕಳಿಸಿ ಉಗುಳಿದ ನೀರು ಕೆಂಪಾಗಿತ್ತು. ಕೇಳಿದ್ದಕ್ಕೆ, “ಎರಡು ತಿಂಗಳಿಂದ ಹೀಗೇ, ಬಸುರಿನಲ್ಲಿ ಆಗುತ್ತದಂತೆ. ರಕ್ತ ಬರುವ ಕಡೆ ಬ್ರಷ್ ತಾಗಿಸುವುದನ್ನೇ ಬಿಟ್ಟಿದ್ದೇನೆ” ಎಂದೆ. ಆ ಕೊನೆಯ ಮಾತಿಗೆ ನನ್ನ ಎದೆ ಧಸಕ್ಕೆಂದಿತು. ನಿನ್ನ ಅಣ್ಣ ಹೊಟ್ಟೆಯಲ್ಲಿದ್ದಾಗ ನಾನೂ ಅದನ್ನೇ ಮಾಡಿದ್ದೆ.

ಬಾಣಂತನ ಮುಗಿದರೂ ನನಗೆ ರಕ್ತ ನಿಲ್ಲಲಿಲ್ಲ. ನೋವು ಮಾತ್ರ ಒಂದು ದಿನವೂ ಇರಲಿಲ್ಲ. ನೋವಿಲ್ಲದ್ದಕ್ಕೆ ಡಾಕ್ಟರ ಬಳಿ ಹೋಗುವ ರೂಢಿ ನಮ್ಮ ಮನೆಯಲ್ಲಿ ಯಾರಿಗಿತ್ತು? ನಾನು ಪಾಠ ಹೇಳುತ್ತಿದ್ದ ಶಾಲೆಗೆ ಒಮ್ಮೆ ದಂತ ತಪಾಸಣೆಯ ಶಿಬಿರ ಬಂದಿತ್ತು. ಮಕ್ಕಳದ್ದೆಲ್ಲ ಮುಗಿದ ಮೇಲೆ ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಬಾಯಿಯನ್ನೂ ನೋಡಿ, “ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ಕಿಟ್ಟ ಗಟ್ಟಿಯಾಗಿ ಕಟ್ಟಿದೆ, ಬೇಗ ಕ್ಲೀನ್ ಮಾಡಿಸಿಕೊಳ್ಳಿ” ಎಂದರು. ಮನೆಗೆ ಬಂದು ಹೇಳಿದರೆ ಹಿರಿಯರು, “ಅದೆಲ್ಲ ಬೇಡ, ಮಾಡಿಸಿದವರ ಹಲ್ಲು ಸಡಿಲವಾಗುತ್ತದೆ” ಎಂದರು. ನಂಬಿದೆ. ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಹಲಸಿನ ಹಪ್ಪಳ ಕಡಿದಾಗ ಕೆಳಗಿನ ಹಲ್ಲೊಂದು ನಾಲಿಗೆಯ ಕಡೆಗೆ ವಾಲಿತು. ಆ ವರ್ಷ ನಾಲ್ಕು ಹಲ್ಲು ತೆಗೆಸಬೇಕಾಯಿತು. ಒಂದರಲ್ಲಾದರೂ ಹುಳುಕಿರಲಿಲ್ಲ ಪುಟ್ಟಿ. ನಾಲ್ಕೂ ಒಳ್ಳೆಯ ಹಲ್ಲುಗಳು, ಅವುಗಳನ್ನು ಹಿಡಿದಿದ್ದ ಮೂಳೆ ಕರಗಿಹೋಗಿತ್ತು. ಬುಡದ ಮಣ್ಣು ಮಳೆಗೆ ಕೊಚ್ಚಿಹೋದ ಅಡಿಕೆ ಮರ ತಲೆಯಲ್ಲಿ ಹಸಿರಿದ್ದೇ ಒಂದು ದಿನ ಗಾಳಿಗೆ ಒರಗುವುದನ್ನು ನೀನೇ ತೋಟದಲ್ಲಿ ನೋಡಿದ್ದೀಯ. ತೋಟಕ್ಕಾದರೆ ಹೊಸ ಮಣ್ಣು ಹಾಕಿಸಬಹುದು. ದವಡೆಯ ಮೂಳೆ ಹಾಗೆ ತಾನಾಗಿ ಮತ್ತೆ ತುಂಬಿಕೊಳ್ಳುವುದಿಲ್ಲ.

ಇದು ಹೇಗೆ ಆಗುತ್ತದೆ ಎಂಬುದನ್ನು ನನಗೆ ಆಮೇಲೆ ಬಿಡಿಸಿ ಹೇಳಿದವರು ಈಗ ನನ್ನನ್ನು ನೋಡುತ್ತಿರುವ ಹಲ್ಲಿನ ಡಾಕ್ಟರು. ತಿಂದ ಮೇಲೆ ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಜಿಗುಟಾಗಿ ತಾಗುತ್ತದಲ್ಲ, ಅದು ದಂತಪಾಚಿ, ಬ್ಯಾಕ್ಟೀರಿಯಾಗಳ ಪದರ. ಮೆತ್ತಗಿರುವಾಗ ಬ್ರಷ್‌ಗೆ ಬರುತ್ತದೆ. ಹಾಗೇ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ, ಅದೇ ಕಿಟ್ಟ. ಬೆಂಗಳೂರಿನ ನಿಮ್ಮ ಮನೆಯಲ್ಲಿ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಗೆ ಬಿಳಿಯ ಪದರ ಕೂರುತ್ತದೆ ಎನ್ನುತ್ತಿದ್ದೆಯಲ್ಲ, ಹೆಚ್ಚುಕಡಿಮೆ ಹಾಗೆ. ಜೊಲ್ಲಿನ ಗ್ರಂಥಿಗಳು ಬಾಯಿಗೆ ತೆರೆದುಕೊಳ್ಳುವುದು ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಮತ್ತು ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಬದಿಗೆ. ಆದ್ದರಿಂದ ಕಿಟ್ಟ ಕಟ್ಟುವುದೂ ಅಲ್ಲೇ ಹೆಚ್ಚು. ಒಮ್ಮೆ ಕಿಟ್ಟವಾದದ್ದು ಯಾವ ಬ್ರಷ್‌ಗೂ, ಯಾವ ಹಲ್ಲುಪುಡಿಗೂ ಬರುವುದಿಲ್ಲ. ಅದರ ಒರಟು ಮೈಮೇಲೆ ಹೊಸ ಪಾಚಿ ಕೂರುತ್ತದೆ, ವಸಡು ಊದಿಕೊಂಡು ಹಲ್ಲಿನಿಂದ ಬಿಟ್ಟುಕೊಳ್ಳುತ್ತದೆ, ಆ ಸಂದಿಯಲ್ಲಿ ರೋಗ ಕೆಳಕ್ಕಿಳಿದು ಮೂಳೆ ಮುಟ್ಟುತ್ತದೆ.

ಮೂಳೆ ಮುಟ್ಟುವ ಮುಂಚಿನ ಹಂತ ಪೂರ್ತಿ ಗುಣವಾಗುವಂಥದ್ದು. ಡೆನ್ಮಾರ್ಕಿನಲ್ಲಿ 1965ರಲ್ಲಿ ಹರಾಲ್ಡ್ ಲೋ ಎಂಬ ದಂತವಿಜ್ಞಾನಿ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗವಿದೆ. ಆರೋಗ್ಯವಂತರಾದ 12 ಜನ ಹಲ್ಲುಜ್ಜುವುದನ್ನು ಬೇಕೆಂದೇ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಹನ್ನೆರಡೂ ಜನರ ವಸಡು ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ರಕ್ತ ಬರುವ ಕಡೆ ಬ್ರಷ್ ಬಿಟ್ಟಿದ್ದೇನೆ ಎಂದೆಯಲ್ಲ, ಅಲ್ಲೇ ಇನ್ನಷ್ಟು ಮೆತ್ತಗೆ, ಇನ್ನಷ್ಟು ಹೊತ್ತು ಉಜ್ಜಬೇಕಾದದ್ದು.

ಬಸುರಿನಲ್ಲಿ ಆಗುತ್ತದೆ ಎಂದು ನಿನಗೆ ಹೇಳಿದವರು ಸುಳ್ಳು ಹೇಳಿಲ್ಲ. ಹಾರ್ಮೋನುಗಳು ಏರುವುದರಿಂದ ಅಷ್ಟೇ ಪಾಚಿಗೆ ವಸಡು ಹೆಚ್ಚು ಕೆರಳುತ್ತದೆ. ಎರಡನೆಯ ತಿಂಗಳಿಂದ ಶುರುವಾಗಿ ಎಂಟರ ತನಕವೂ ಏರಬಹುದು. ಆದರೆ ಪಾಚಿ ಇಲ್ಲದ ಕಡೆ ಹಾರ್ಮೋನು ಒಂದೇ ಇಷ್ಟು ರಕ್ತ ತರಿಸುವುದಿಲ್ಲ. ಇನ್ನೊಂದು ಮಾತು ನಿನ್ನ ಕಿವಿಗೆ ಬೀಳುತ್ತದೆ, ಮಗು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತದೆ, ಹೆರಿಗೆಗೊಂದು ಹಲ್ಲು ಹೋಗುವುದು ಸಹಜ ಎಂದು. ಅದನ್ನು ನಂಬಬೇಡ. ಹಲ್ಲಿನಿಂದ ಮಗುವಿಗೆ ಕ್ಯಾಲ್ಸಿಯಂ ಹೋಗುವುದಿಲ್ಲ. ನಮ್ಮ ಹಿಂದಿನ ಹೆಂಗಸರ ಹಲ್ಲು ಹೋದದ್ದು ಯಾರೂ ಅವರ ಬಾಯಿ ನೋಡದೆ ಇದ್ದುದರಿಂದ.

ಹೊಟ್ಟೆಯಲ್ಲಿ ಮಗು ಇರುವಾಗ ಹಲ್ಲಿನ ಡಾಕ್ಟರ ಬಳಿ ಹೋಗಬಾರದು ಎಂಬುದೂ ತಪ್ಪು. ಕ್ಲೀನಿಂಗ್ ಬಸುರಿನಲ್ಲಿ ಸುರಕ್ಷಿತ. ಅದರಲ್ಲೂ ನಾಲ್ಕರಿಂದ ಆರನೆಯ ತಿಂಗಳು ಒಳ್ಳೆಯ ಸಮಯ, ವಾಕರಿಕೆ ಇಳಿದಿರುತ್ತದೆ, ಕುರ್ಚಿಯಲ್ಲಿ ಒರಗಿ ಮಲಗುವುದೂ ಇನ್ನೂ ಕಷ್ಟವಲ್ಲ. ನಿನಗೀಗ ಐದು. ಹೋದ ಕೂಡಲೇ ಎಷ್ಟನೆಯ ತಿಂಗಳು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯ ಎಂಬುದನ್ನು ಹೇಳು. ವಸಡಿನ ರೋಗಕ್ಕೂ ಅವಧಿಗೆ ಮುಂಚಿನ ಹೆರಿಗೆಗೂ ನಂಟಿದೆ ಎಂದು ಯಾರಾದರೂ ಹೆದರಿಸಿದರೆ ಗಾಬರಿಯಾಗಬೇಡ. ಅಧ್ಯಯನಗಳಲ್ಲಿ ನಂಟು ಕಂಡದ್ದು ನಿಜ, ಆದರೆ ಕ್ಲೀನಿಂಗ್‌ನಿಂದ ಅಂಥ ಹೆರಿಗೆ ತಪ್ಪುತ್ತದೆ ಎಂದು ದೊಡ್ಡ ಪರೀಕ್ಷೆಗಳು ತೋರಿಸಿಲ್ಲ. ನಾನು ಹೋಗು ಎನ್ನುತ್ತಿರುವುದು ನಿನ್ನ ಹಲ್ಲಿಗಾಗಿ. ಆ ಕಾರಣವೇ ಸಾಕು.

ಅಲ್ಲಿ ಏನು ಮಾಡುತ್ತಾರೆ ಎಂಬುದು ಮೊದಲೇ ಗೊತ್ತಿದ್ದರೆ ಅಂಜಿಕೆ ಕಡಿಮೆ. ಗೀಟು ಹಾಕಿದ ಸಣ್ಣ ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ಸಂದಿಗೆ ಇಳಿಸಿ ಆಳ ಅಳೆಯುತ್ತಾರೆ. ಒಂದರಿಂದ ಮೂರು ಮಿಲಿಮೀಟರ್ ಸರಿ. ನಾಲ್ಕು, ಐದು ಎಂದರೆ ಗಮನ ಕೊಡು. ಆ ಅಂಕಿಗಳನ್ನು ಕೇಳಿ ಬರೆದುಕೊಂಡು ಬಾ, ಮುಂದಿನ ಸಲ ಹೋಲಿಸಲು ಬೇಕು. ಆಮೇಲೆ ಸ್ಕೇಲಿಂಗ್. ಯಂತ್ರದ ತುದಿ ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಕಂಪಿಸಿ ಕಿಟ್ಟವನ್ನು ಒಡೆಯುತ್ತದೆ, ಜೊತೆಗೆ ನೀರು ಚಿಮ್ಮುತ್ತಿರುತ್ತದೆ. ಕಿವಿಗೆ ಕಿರಿಕಿರಿ, ಅಲ್ಲಲ್ಲಿ ಜುಮ್ಮೆನ್ನುತ್ತದೆ, ರಕ್ತವೂ ಬರುತ್ತದೆ. ಸರಿಯಾಗಿ ಮಾಡಿದರೆ ಹಲ್ಲಿನ ಎನಾಮೆಲ್ ಸವೆಯುವುದಿಲ್ಲ. ಮುಗಿದ ಮೇಲೆ ಹಲ್ಲುಗಳ ನಡುವೆ ಕಿಂಡಿ ಬಿದ್ದಂತೆ ಅನಿಸುತ್ತದೆ, ತಣ್ಣೀರು ಕೆಲವು ದಿನ ಚುಳ್ಳೆನ್ನುತ್ತದೆ. ಕಿಟ್ಟ ತುಂಬಿಕೊಂಡಿದ್ದ ಜಾಗ ಖಾಲಿಯಾಗಿರುತ್ತದೆ, ಅಷ್ಟೇ. ಹಲ್ಲು ಸಡಿಲವಾಯಿತು ಎಂದು ಜನ ಹೇಳುವುದೂ ಇದರಿಂದಲೇ. ಮೂಳೆ ಮೊದಲೇ ಕರಗಿದ್ದ ಹಲ್ಲನ್ನು ಕಿಟ್ಟ ಪಕ್ಕದ ಹಲ್ಲಿಗೆ ಅಂಟಿಸಿ ನಿಲ್ಲಿಸಿರುತ್ತದೆ. ಕಿಟ್ಟ ತೆಗೆದಾಗ ಆಗಿಹೋದ ನಷ್ಟ ಬಯಲಾಗುತ್ತದೆ. ನನ್ನ ಹಿರಿಯರು ಕಂಡದ್ದು ನಿಜ, ಕಾರಣ ಮಾತ್ರ ತಿರುವುಮುರುವು.

ಖರ್ಚಿನ ಯೋಚನೆ ಇದ್ದರೆ ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಿನ ಸರ್ಕಾರಿ ದಂತ ಕಾಲೇಜಿಗೆ ಹೋಗು. ಬೇರೆ ದಂತ ಕಾಲೇಜುಗಳಲ್ಲೂ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆಗೆ ಆಗುತ್ತದೆ. ಸ್ವಲ್ಪ ಕಾಯಬೇಕು.

ಮತ್ತೆ ಎಷ್ಟು ದಿನಕ್ಕೊಮ್ಮೆ ಎಂದು ಕೇಳುತ್ತೀಯ. ಆರು ತಿಂಗಳಿಗೊಮ್ಮೆ ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯಂತೂ ದೊಡ್ಡವರ ತಪಾಸಣೆಯ ಅಂತರವನ್ನು ಅವರವರ ಬಾಯಿ ನೋಡಿ 3 ತಿಂಗಳಿಂದ 24 ತಿಂಗಳವರೆಗೆ ಗೊತ್ತುಮಾಡಲು ಹೇಳುತ್ತದೆ. ನಾನು ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ, ಹೋಗಲೇಬೇಕು. ನಿನ್ನ ಲೆಕ್ಕ ನಿನ್ನ ಡಾಕ್ಟರು ಹೇಳಲಿ. ನಿನ್ನ ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದನ್ನು ಅವರಿಗೆ ಹೇಳಲು ಮರೆಯಬೇಡ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಅಪ್ಪನನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚಿಲ್ಲ. ಮೆತ್ತನೆಯ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್. ಕೂದಲನ್ನು ವಸಡಿನ ಅಂಚಿಗೆ ಓರೆಯಾಗಿ ಇಟ್ಟು ಸಣ್ಣಗೆ ಅಲ್ಲಾಡಿಸು, ಪಾತ್ರೆ ತಿಕ್ಕಿದಂತೆ ತಿಕ್ಕಬೇಡ. ರಾತ್ರಿಯದ್ದನ್ನು ತಪ್ಪಿಸಬೇಡ. ಸಂದಿಗಳಿಗೆ ಫ್ಲಾಸ್ ದಾರ ಅಥವಾ ಪುಟ್ಟ ಸಂದಿಬ್ರಷ್ ಬಳಸು. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡ, ಹೊಟ್ಟೆಯ ಆಮ್ಲ ತಾಗಿದ ಹಲ್ಲು ಆ ಹೊತ್ತಿಗೆ ಮೆದುವಾಗಿರುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಸುಮಾರು ಒಂದು ಗಂಟೆ ಬಿಟ್ಟು ಉಜ್ಜು.

ಇನ್ನೊಂದು. ವಾಕರಿಕೆಗೆ ಒಳ್ಳೆಯದೆಂದು ನೀನು ಅಜ್ಜಿಯ ತಟ್ಟೆಯಿಂದ ಎಲೆ ಅಡಿಕೆ ತೆಗೆದು ಮೆಲ್ಲುತ್ತಿದ್ದುದನ್ನು ಕಂಡೆ. ನಮ್ಮ ಅನ್ನ ಅಡಿಕೆಯದ್ದೇ. ಈ ಮಾತು ಬರೆಯಲು ನನಗೆ ಸುಲಭವಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ, ವಸಡಿಗೂ ಅದು ಹಿತವಲ್ಲ. ವಾಕರಿಕೆಗೆ ಶುಂಠಿ ಚೂರು ಸಾಕು.

ಸೀಮಂತ ಏಳನೆಯ ತಿಂಗಳಿಗೆ ಎಂದು ನಿನ್ನ ಅಮ್ಮ ಹೇಳಿದಳು. ಅದಕ್ಕೆ ಮುಂಚೆ ಒಂದು ಶನಿವಾರ ಇದಕ್ಕಾಗಿ ಇಟ್ಟುಕೋ. ಹೋಗಿ ಬಂದ ದಿನ ಆ ಅಂಕಿಗಳನ್ನು ನನಗೆ ಓದಿ ಹೇಳು, ನನ್ನ ಅಂಕಿಗಳ ಪುಸ್ತಕದಲ್ಲಿ ನಿನ್ನದಕ್ಕೂ ಒಂದು ಪುಟ ಬಿಟ್ಟಿದ್ದೇನೆ. ಹಲಸಿನ ಹಪ್ಪಳ ಎರಡು ಕಟ್ಟು ತೆಗೆದಿಟ್ಟಿದೆ, ಬಂದಾಗ ಕೊಡುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ