ಈ ವಾರದ ಮಾತು: ಎನ್‌ಬಿಎ 2015-16

ಗೆಳೆಯರೇ, ಈ ವಾರ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2015-16ರ ಸೀಸನ್ ಬಗ್ಗೆ ಮಾತಾಡೋಣ. ಗೋಲ್ಡನ್ ಸ್ಟೇಟ್ ವಾರಿಯರ್ಸ್ 73 ಪಂದ್ಯ ಗೆದ್ದು ಬರೀ 9 ಸೋತ ವರ್ಷ. ಆ 73ನೇ ಗೆಲುವಿನ ರಾತ್ರಿಯೇ ಲೇಕರ್ಸ್ ತಂಡದ ಕೋಬಿ ಬ್ರಯಂಟ್ ತಮ್ಮ ಕೊನೆಯ ಪಂದ್ಯದಲ್ಲಿ 60 ಪಾಯಿಂಟ್ ಹೊಡೆದರು. ಇಷ್ಟೆಲ್ಲಾ ಮೆರೆದ ವಾರಿಯರ್ಸ್, ಏಳು ಪಂದ್ಯಗಳ ಫೈನಲ್‌ನಲ್ಲಿ 3-1 ಮುಂದಿದ್ದೂ ಕ್ಲೀವ್‌ಲ್ಯಾಂಡ್ ತಂಡಕ್ಕೆ ಕಪ್ ಬಿಟ್ಟುಕೊಟ್ಟರು!

ಏಳನೇ ಪಂದ್ಯದ ಕೊನೆಯ ಎರಡು ನಿಮಿಷ ನೋಡಿಕೊಂಡು ಬನ್ನಿ. ಸ್ಕೋರು 89-89. ವಾರಿಯರ್ಸ್‌ನ ಇಗ್ವಾಡಾಲಾ ಬುಟ್ಟಿಯ ಹತ್ತಿರದಿಂದ ಎತ್ತಿದ ಲೇಅಪ್ಪನ್ನು ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಹಿಂದಿನಿಂದ ಓಡಿಬಂದು ಬೋರ್ಡಿಗೆ ಅಪ್ಪಳಿಸಿದರು. ಆಮೇಲೆ ವಾರಿಯರ್ಸ್‌ನ ಸ್ಟೀಫನ್ ಕರಿ ಎದುರಲ್ಲೇ ಕ್ಲೀವ್‌ಲ್ಯಾಂಡ್‌ನ ಕೈರಿ ಅರ್ವಿಂಗ್ ತ್ರೀ ಪಾಯಿಂಟರ್, ಅಂದ್ರೆ ದೂರದಿಂದ ಹೊಡೆದ ಮೂರು ಪಾಯಿಂಟಿನ ಶಾಟ್. ಎಲ್ಲರೂ ಲೆಬ್ರಾನ್ ಚೆಂಡು ತಡೆದ ಆ ಬ್ಲಾಕನ್ನೇ ಹೊಗಳ್ತಾರೆ, ನನ್ನ ಓಟು ಮಾತ್ರ ಅರ್ವಿಂಗ್ ಶಾಟ್‌ಗೆ. ಗೆಲ್ಲೋಕೆ ಪಾಯಿಂಟ್ ಬೇಕಲ್ವಾ?

ಬ್ಲಾಕಾ, ಶಾಟಾ? ನಿಮ್ಮ ಅಭಿಪ್ರಾಯ ಭಾನುವಾರ ರಾತ್ರಿಯೊಳಗೆ ಹಾಕಿ. ಸುಮ್ನೆ ಮೀಮ್ ಫಾರ್ವರ್ಡ್ ಮಾಡಬೇಡಿ.